ಮೈನಸ್ ಹದಿನೆಂಟು

ಶಾರ್ಜಾದಾಚೆ ಸಜಾ ಎಂಬ ಜಾಗ.
ಹೆಸರು ಕೇಳಿ ನಗಬೇಡಿ, ನಾವು ನಕ್ಕು ಮುಗಿಸಿದ್ದೇವೆ.
ಹೊರಗೆ ನಲವತ್ತೇಳು ಡಿಗ್ರಿ, ಲಾರಿಯ ಬಾಗಿಲು ಮುಟ್ಟಿದರೆ ಬೊಬ್ಬೆ.
ಒಳಗೆ ಮೈನಸ್ ಹದಿನೆಂಟು:
ಬ್ರೆಜಿಲ್ಲಿನ ಕೋಳಿ, ಎಲ್ಲಿಯದೋ ಎಮ್ಮೆ ಮಾಂಸ,
ನಮ್ಮೂರಿನದೇ ಇರಬಹುದಾದ ಬೈಗೆ ಮೀನು,
ಎಲ್ಲ ಒಂದೇ ಬಗೆಯ ಕಲ್ಲಾಗಿ ಪೆಟ್ಟಿಗೆಯಲ್ಲಿ.

ನಾನು ಬಾಗಿಲ ಬಳಿ ಲೆಕ್ಕ ಬರೆಯುವವನು, ಗಂಗೊಳ್ಳಿಯವ,
ಐಸ್ ಪ್ಲಾಂಟಿನ ಪಕ್ಕ ಹುಟ್ಟಿಯೂ ಚಳಿಗೆ ಹೆದರುವವನು.
ಒಳಗಿಂದ ಎಣಿಸಿ ಕೂಗುವವರು ದುಂಡಪ್ಪ ಕಳಸಣ್ಣವರ,
ಗೋಕಾಕದ ಕಡೆಯವರು, ಮಾಜಿ ಹವಾಲ್ದಾರ್.
"ನಲವತ್ತೊಂದು!" ಎನ್ನುತ್ತಾರೆ. ಗೀಟು ಹಾಕುತ್ತೇನೆ.
"ಹೂಂ ಅನ್ರೀ ಸಾಹೇಬ್ರ!"
ಗೀಟು ಹಾಕಿದೆನಲ್ಲ, ಹೂಂ ಯಾಕೆ?
"ಹೂಂ ಅನ್ರಿ."
ಈ ಮನುಷ್ಯನಿಗೆ ಇದೊಂದು ಹುಚ್ಚು ಎಂದು
ಎರಡು ವರ್ಷ ಹಲ್ಲು ಕಚ್ಚಿದ್ದೆ.

ಅವರ ಹಾಜರಿಯನ್ನೂ ನಾನೇ ಪೆನ್ನಿನಲ್ಲಿ ಬರೆಯಬೇಕು.
ಬಲಗೈಯ ಮೂರು ಬೆರಳಿಗೆ ತುದಿಯಿಲ್ಲ,
ಉಳಿದವುಗಳ ಗೆರೆ ಅಳಿಸಿ
ಸಾಣೆಕಲ್ಲಿನ ಹಾಗೆ ನುಣ್ಣಗೆ.
ಯಂತ್ರದ ಮಟ್ಟಿಗೆ ಅವರು ಯಾರೂ ಅಲ್ಲ.

ತಿಂಗಳಿಗೆ ಎರಡು ಕಡೆ ಹಣ ಕಳಿಸುತ್ತಾರೆ, ಫಾರಂ ತುಂಬುವವನು ನಾನು.
ಒಂದು, ಮಗಳ ನರ್ಸಿಂಗ್ ಕಾಲೇಜಿಗೆ.
ಇನ್ನೊಂದು, ಸುಮನ್ ಶಿಂತ್ರೆ, ಚಂದಗಡ.
ಸಂಬಂಧ ಎಂಬ ಖಾನೆಯಲ್ಲಿ ಏನು ಬರೆಯಲಿ?
"ಏನರೆ ಬರೀರಿ."
ತಂಗಿ ಎಂದು ಬರೆದೆ;
ಮನಸ್ಸಿನಲ್ಲಿ ಬೇರೆ ಬರೆದುಕೊಂಡೆ.

ನವೆಂಬರಿನಲ್ಲಿ ಪಿಂಚಣಿಯವರಿಗೊಂದು ಕಾಗದ ಹೋಗಬೇಕು:
ಬದುಕಿದ್ದೇನೆ, ಇತಿ.
ರೋಲಾದ ಟೈಪಿಂಗ್ ಅಂಗಡಿಯ ಹುಡುಗ ಗಾಜು ಒರೆಸಿದ,
ಬೆರಳು ಒರೆಸಿದ, ಇದ್ದಷ್ಟನ್ನೂ ಒಂದೊಂದಾಗಿ ಒತ್ತಿಸಿದ.
"ಅಂಕಲ್, ನೀವು ಬದುಕಿರೋದನ್ನ ಇದು ಒಪ್ತಾ ಇಲ್ಲ."
ದುಂಡಪ್ಪ ನಕ್ಕರು, ಕೆಮ್ಮು ಬರುವವರೆಗೆ.

ವಾಪಸು ಬರುವ ಬಸ್ಸಿನಲ್ಲಿ
ಕಿಟಕಿಯಾಚೆ ಮರಳು, ಸಿಮೆಂಟು, ಮರಳು.
ಕೇಳದೆಯೇ ಶುರು ಮಾಡಿದರು:
"ತೊಂಬತ್ತೊಂಬತ್ತರಾಗ ರೀ. ಹೆಸರಿಲ್ಲದ ಗುಡ್ಡ, ಬರೇ ನಂಬರ್.
ಮ್ಯಾಲಿನ ಬಂಕರಿನ ಬಾಯಿ ಮುಚ್ಚಿಸಿದ್ವಿ. ಹೆಂಗಂತ ಕೇಳಬ್ಯಾಡ್ರಿ.
ಶಿಂತ್ರೆಗೆ ಹೊಟ್ಟಿಗೆ ಬಡದಿತ್ತು.
ಬೆನ್ನ ಮ್ಯಾಲ ಹಾಕ್ಕೊಂಡು ಇಳದೆ, ರಾತ್ರಿಯೆಲ್ಲಾ.
ನನ್ನ ಕೈಗವಸು ಅವಗ ಹಾಕಿದ್ದೆ.
ಮಲಗಬ್ಯಾಡೋ, ಹೂಂ ಅನ್ನು ಅಂತಿದ್ದೆ.
ಹೂಂ ಅಂತಿದ್ದ.
ನಮ್ಮ ಹೊಲದ ಬಾವಿ ಸುದ್ದಿ ಹೇಳಿದೆ, ಹೂಂ.
ಮೆಸ್ಸಿನ ಹಲ್ಕಟ್ ಚಾದ ಸುದ್ದಿ, ಹೂಂ.
ಅವನ ಹೇಣ್ತಿ ಬಸರಿದ್ಲು, ಹೆಸರೇನ್ ಇಡ್ತೀಯಪಾ ಅಂದೆ,
ಅದಕ್ಕೂ ಹೂಂ.
ಬೆಳಕ ಹರದಾಗ ಡಾಕ್ಟರು ಮುಟ್ಟಿ ನೋಡಿ ಅಂದ್ರು,
ಇಂವ ಸಂಜಿಗೇ ಹೋಗ್ಯಾನಲ್ಲೋ."

ಬಸ್ಸು ನಿಂತಿತು. ಪಠಾಣನೊಬ್ಬ ನೀರಿನ ಕ್ಯಾನು ಇಳಿಸಿಕೊಂಡ.
ಬಾಗಿಲು ಮುಚ್ಚುವ ತನಕ ಸುಮ್ಮನಿದ್ದು ಕೇಳಿದರು:
"ಹಂಗಾರ ರಾತ್ರಿಯೆಲ್ಲಾ ಹೂಂ ಅಂದಾಂವ ಯಾರ್ರಿ?"

ಪದಕದ ಮಾತು ತೆಗೆದವನು ನಾನೇ.
ತಿಜೋರಿಯಲ್ಲಿದೆಯಂತೆ, ಮನೆಪಟ್ಟಿಯ ರಸೀತಿಗಳ ಕೆಳಗೆ.
ಜೊತೆಯ ಕಾಗದದಲ್ಲಿ ಪ್ರಾಣದ ಹಂಗು ತೊರೆದು ಎಂದಿದೆ,
ಸಂಗಾತಿಯನ್ನು ಉಳಿಸಲು ಎಂದೂ ಇದೆ.
"ಉಳಿಸಲು ಅಂತ ಬರದಾರ.
ಉಳಿಸಿದ ಅಂತ ಬರದಿಲ್ಲ.
ಸುಳ್ಳಲ್ಲ ನೋಡ್ರಿ ಅದು."

ಮರುದಿನ ಕಂಟೇನರು ಬಂತು, ಸಾವಿರದಿನ್ನೂರು ಪೆಟ್ಟಿಗೆ.
ಬಾಗಿಲ ಬಿಳಿ ಹಬೆಯಲ್ಲಿ ಅವರ ಉಣ್ಣೆಯ ಟೋಪಿ ಮುಳುಗಿತು,
ಆಮೇಲೆ ಬರೀ ದನಿ.
"ಒಂದು."
ಹೂಂ, ಎಂದೆ.
ಒಂದು ಗಳಿಗೆ ಒಳಗೆ ಸದ್ದಿಲ್ಲ.
"ಎರಡು."
ಹೂಂ.
"ಮೂರು."
ಸೂಪರ್‌ವೈಸರ್ ತಿರುಗಿ ನೋಡಿದ. ನೋಡಲಿ.
ಹೂಂ.

ಸಂಜೆ ಲೆಕ್ಕದಲ್ಲಿ
ನಾಲ್ಕು ಗೀಟು ಕಡಿಮೆ ಬಿದ್ದವು.